ದೊರೆಸಾನಿಯ ಟಾಪು

ಮಾರ್ಚ್ ೪

ಪತ್ರಿಕೆಗೆ ಬರೆಯುವ ದೊಡ್ಡವರಿಗೆ, ಅಂದರೆ ನನ್ನ ಮಗಳಿಗೆ,

ನಿನ್ನೆ ಸಂಜೆ ನಿವೃತ್ತರ ಕೋಣೆಯಲ್ಲಿ ಕೇರಂ ಆಡುತ್ತಿದ್ದೆವು. ಬಣ್ಣದ ವಿಭಾಗದಲ್ಲಿದ್ದ ಬೋಳಣ್ಣ ನಿನ್ನ ಪತ್ರಿಕೆ ತಂದು ಬೋರ್ಡಿನ ಮೇಲೆಯೇ ಬಿಚ್ಚಿಟ್ಟ. "ನೋಡಪ್ಪಾ, ನಿನ್ ಮಗಳು ನಮ್ ದೊರೆಸಾನಿಗೆ ಮಣ್ಣು ಹಾಕ್ಬಿಟ್ಲು" ಎಂದ. ಆಟ ಅಲ್ಲಿಗೇ ನಿಂತಿತು. ಕಿವಿ ಸರಿಯಿರುವವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿದರು. ಕಿವಿ ಸರಿಯಿಲ್ಲದ ನಾನು ಕನ್ನಡಕ ಹಾಕಿಕೊಂಡು ನಾನೇ ಓದಿದೆ.

"ನಾಳೆಯ ಕ್ಲಾಸಿಕ್ ಯಾವುದು?" ಎಂದು ತಲೆಬರಹ. ಕೆಳಗೆ ನಮ್ಮ ಕಾರ್ಖಾನೆಯ ದೊರೆಸಾನಿ ಕಾರಿನ ಚಿತ್ರ. ಅದರ ಕೆಳಗೆ ನಿನ್ನ ಮಾತು: "ಈ ಕಾರು ಹಳೆಯದಾಗುತ್ತದೆಯೇ ಹೊರತು ಕ್ಲಾಸಿಕ್ ಆಗುವುದಿಲ್ಲ. ಮೂತಿ ಚೆಲುವಾಗಿದೆ, ಎಂಜಿನ್ನು ಸದ್ದಿಲ್ಲದೆ ಸಾವಿರ ಮೈಲಿ ಓಡುತ್ತದೆ. ಆದರೆ ತಲೆಯ ಮೇಲಿನ ಮಡಚುವ ಟಾಪು ನಾಚಿಕೆಗೇಡು."

ನಾಚಿಕೆಗೇಡು! ಆ ಟಾಪನ್ನು ಕೂರಿಸಿದವನು ಯಾರು? ಹನ್ನೊಂದು ವರ್ಷ ಟಾಪು ವಿಭಾಗದ ಮೇಸ್ತ್ರಿಯಾಗಿದ್ದವನು ಯಾರು? ಗುಂಡಿ ಒತ್ತಿದರೆ ಇಪ್ಪತ್ತು ಎಣಿಸುವುದರೊಳಗೆ ಅಷ್ಟು ದೊಡ್ಡ ಬಟ್ಟೆ ಚಾವಣಿ ಹಿಂದಕ್ಕೆ ಸರಿದು, ಮಡಚಿಕೊಂಡು, ಸೀಟಿನ ಹಿಂದೆ ಅಡಗಿ ಕೂರುತ್ತಿತ್ತು. ದೇಶದೇಶದವರು ಬಂದು ಬಾಯಿ ಬಿಟ್ಟುಕೊಂಡು ನೋಡಿದರು. ಈಗ ನೀನು ಒಂದು ಸಾಲು ಗೀಚಿ ಮುಗಿಸಿಬಿಟ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂದರೆ ಇದೇ.

ಫೋನ್ ಮಾಡಬೇಡ. ನನಗೆ ಕೇಳಿಸುವುದಿಲ್ಲ. ಹಗಲಿಡೀ ತಗಡು ಬಡಿಯುವ ಪ್ರೆಸ್ ಶಾಪಿನ ಗೋಡೆ ಪಕ್ಕ ನಿಂತು ದುಡಿದು ನಿನ್ನನ್ನು ಓದಿಸಿದ ಕಿವಿಗಳು ಇವು. ಬರೆದದ್ದು ತಪ್ಪಾಯಿತು ಎಂದು ಮುಂದಿನ ಸಂಚಿಕೆಯಲ್ಲಿ ಬರಿ.

ನಿನ್ನ ಅಪ್ಪ (ನಾಚಿಕೆಗೇಡಿನ ಟಾಪಿನವನು)

ಮಾರ್ಚ್ ೧೧

ಅಪ್ಪ,

ತಪ್ಪಾಯಿತು ಎಂದು ಬರೆಯುವುದಿಲ್ಲ. ಕಣ್ಣಾರೆ ಕಂಡದ್ದನ್ನು ಬರೆದಿದ್ದೇನೆ.

ನಾನು ಮನೆಯಲ್ಲಿ ಕೂತು ಗೀಚುತ್ತೇನೆ ಅಂದುಕೊಂಡಿದ್ದೀರಾ? ಹಳೆಯ ಕಾರುಗಳ ಯೋಗ್ಯತೆ ಅಳೆಯುವುದು ನನ್ನ ಕಸುಬು. ಕಾರಿನ ಅಡಿಗೆ ಅಂಗಾತ ಮಲಗಿ, ಟಾರ್ಚು ಹಿಡಿದು, ತುಕ್ಕು ಕೆರೆದು ನೋಡುತ್ತೇನೆ. ಈ ಆರು ವರ್ಷದಲ್ಲಿ ಮೂವತ್ತೊಂದು ದೊರೆಸಾನಿಗಳನ್ನು ನೋಡಿದೆ. ಮೂವತ್ತೊಂದರಲ್ಲೂ ಟಾಪು ಹರಿದಿದೆ, ಅದೂ ಒಂದೇ ಜಾಗದಲ್ಲಿ. ಮಳೆ ನೀರು ಸೀಟಿಗೆ ಇಳಿದು, ಅಲ್ಲಿಂದ ನೆಲಕ್ಕೆ ಇಳಿದು, ಒಳಗೊಳಗೇ ಕಾರು ಕೊಳೆತಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಿಮಗೆ ಮುದ್ದು ಅಂತ ನಾನು ಓದುಗರಿಗೆ ಸುಳ್ಳು ಹೇಳಲೇ?

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ, ಆಮೇಲೆ ಬೇರೆಯವರ ಬಾಯಿಂದ ತಿಳಿದು ಎಗರಾಡಬೇಡಿ. ಇಲ್ಲಿನ ವಾಹನ ಸಂಗ್ರಹಾಲಯದ ಹಿಂದಿನ ಶೆಡ್ಡನ್ನು ಕೆಡವುತ್ತಿದ್ದಾರೆ. ಅಲ್ಲಿರುವ ಒಂದೊಂದು ಕಾರಿನ ಮುಂದೆಯೂ "ಇರಲಿ" ಅಥವಾ "ಬೇಡ" ಎಂದು ಬರೆಯುವ ಕೆಲಸ ನನ್ನದು. ಮುಂದೊಂದು ದಿನ ಕ್ಲಾಸಿಕ್ ಆಗುವಂಥದ್ದಕ್ಕೆ ಮಾತ್ರ ಹೊಸ ಹಾಲಿನಲ್ಲಿ ಜಾಗ. "ಬೇಡ" ಎಂದದ್ದು ಜಜ್ಜುವ ಯಂತ್ರಕ್ಕೆ ಹೋಗುತ್ತದೆ. ಆ ಶೆಡ್ಡಿನಲ್ಲಿ ಒಂದು ದೊರೆಸಾನಿ ಇದೆ. ನಿಮ್ಮ ಕಾರ್ಖಾನೆಯಿಂದ ಹೊರಬಂದ ಮೊಟ್ಟಮೊದಲ ಕಾರು. ಜೂನ್ ಮುಗಿಯುವುದರೊಳಗೆ ನಾನು ಸಹಿ ಹಾಕಬೇಕು. ಈಗಿನ ಸ್ಥಿತಿಯಲ್ಲಿ "ಬೇಡ" ಎಂದೇ ಬರೆಯುತ್ತೇನೆ.

ನನ್ನ ಕೆಲಸದ ಬಗ್ಗೆ ನೀವು ಬರೆದ ಮೊದಲ ಕಾಗದ ಇದು. ಅದೂ ಬೈಯುವುದಕ್ಕೆ.

ಮಗಳು

ಮಾರ್ಚ್ ೧೬

ಎಲೈ ಚಿನಕುರುಳಿ,

ಮೊದಲ ಕಾರನ್ನು ಜಜ್ಜಿಸುತ್ತೀಯಾ? ಅದರ ಟಾಪಿಗೆ ನಾನೊಬ್ಬನೇ ಒಂಬತ್ತು ದಿನ ಕೂತಿದ್ದೇನೆ. ನಿನಗೆ ಆಗ ಜ್ವರ ಬಂದಿತ್ತು, ಮನೆಗೂ ಬರಲಿಲ್ಲ ಎಂದು ನಿಮ್ಮಮ್ಮ ಇವತ್ತಿಗೂ ಅನ್ನುತ್ತಾಳೆ.

ಟಾಪು ಹರಿದರೆ ಅದು ಟಾಪಿನ ತಪ್ಪೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕೈಯಿಂದ ಹೋದ ಒಂದು ಟಾಪೂ ಹರಿದಿಲ್ಲ, ಬೇಕಾದರೆ ಬರೆದುಕೋ. ಎಲ್ಲಾ ಹೊರಗಿನ ರಿಪೇರಿಯವರ ಕೈಚಳಕ. ಚೌಕಟ್ಟು ಬಿಚ್ಚುತ್ತಾರೆ, ತಿರುಗಿ ಕೂರಿಸಲು ಬರುವುದಿಲ್ಲ. ಆಮೇಲೆ ಹಿಂದಿನ ಗಾಜಿನ ಎಡ ಮೂಲೆಯಲ್ಲಿ, ಅಂಚಿನಿಂದ ಮೂರು ಬೆರಳು ಮೇಲೆ, ಕಂಬಿ ಬಟ್ಟೆಯನ್ನು ತಿಕ್ಕಿ ತಿಕ್ಕಿ ಸೀಳುತ್ತದೆ. ಸೀಳದೆ ಇನ್ನೇನು ಮಾಡೀತು? ಅವರ ಕೈಗೆ ಒಗ್ಗದ ಕೆಲಸಕ್ಕೆ ನನ್ನ ಟಾಪನ್ನು ಯಾಕೆ ಬೈಯುತ್ತೀ?

"ಇರಲಿ" ಎಂದು ಬರಿ. ಮೂರೇ ಅಕ್ಷರ. ಅಪ್ಪನಿಗೋಸ್ಕರ ಅಷ್ಟೂ ಆಗುವುದಿಲ್ಲವೇ?

ಅಪ್ಪ

ಮಾರ್ಚ್ ೨೦

ಅಪ್ಪ,

ಒಂದೇ ಜಾಗದಲ್ಲಿ ಹರಿದಿದೆ ಎಂದಷ್ಟೇ ನಾನು ಬರೆದಿದ್ದೆ. ಯಾವ ಜಾಗ ಎಂದು ಬರೆದಿರಲಿಲ್ಲ. ಪತ್ರಿಕೆಯಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ. ಮತ್ತೆ ಮತ್ತೆ ಓದಿ ನೋಡಿಕೊಂಡೆ.

ನಿಮ್ಮ ಕೈಯಿಂದ ಹೋದ ಒಂದೂ ಹರಿದಿಲ್ಲ ಅಂದಮೇಲೆ, ಎಡ ಮೂಲೆ, ಮೂರು ಬೆರಳು ಮೇಲೆ ಎಂದು ನಿಮಗೆ ಹೇಗೆ ಗೊತ್ತಾಯಿತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ. ಉತ್ತರ ಬರೆಯಿರಿ. ಸುತ್ತಿ ಬಳಸಿ ಬೇಡ.

ಮಗಳು

ಏಪ್ರಿಲ್ ೧೮

ಪುಟ್ಟೀ,

ಅಪ್ಪ ಮಗಳ ಜಗಳದಲ್ಲಿ ನನ್ನನ್ನು ಯಾಕೆ ಅರೆಯುತ್ತೀರಿ? ನೀನು ಏನು ಬರೆದೆಯೋ ನನಗೆ ತಿಳಿಯದು. ಇವರಂತೂ ಒಂದು ತಿಂಗಳಿಂದ ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ. ಕೇರಂ ಆಡಲು ಹೋಗುವುದಿಲ್ಲ. ಬೋಳಣ್ಣ ಮನೆ ಬಾಗಿಲಿಗೆ ಬಂದರೂ "ತಲೆನೋವು ಅಂತ ಹೇಳು" ಎಂದು ಒಳಗಿನಿಂದ ಕೂಗುತ್ತಾರೆ. ಕಿವುಡರು ಕೂಗಿದರೆ ಬಾಗಿಲಾಚೆಗೆ ಕೇಳಿಸದೆ ಇರುತ್ತದೆಯೇ? ಆ ಮನುಷ್ಯ ನಗುತ್ತಾ ಹೊರಟುಹೋದರು.

ಊಟಕ್ಕೆ ಕರೆದರೆ ಸಿಡಿಮಿಡಿ. ಕರೆಯದಿದ್ದರೆ ಅದಕ್ಕೂ ಸಿಡಿಮಿಡಿ. ದಿನಾ ಬೆಳಿಗ್ಗೆ ಕಾಗದ ಪೆನ್ನು ಹಿಡಿದು ಕೂರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹರಿದು ಬುಟ್ಟಿಗೆ ಹಾಕುತ್ತಾರೆ. ನಿನ್ನೆ ಬುಟ್ಟಿಯಿಂದ ಒಂದು ಚೂರು ಎತ್ತಿ ನೋಡಿದೆ. "ನಾವು ಮೂರು ಜನ" ಎಂದಿತ್ತು. ಯಾವ ಮೂರು ಜನ ಎಂದು ಕೇಳಿದ್ದಕ್ಕೆ, ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಕಣ್ಣೀರು ಹಾಕಿದರು. ಮರುಕ್ಷಣವೇ ಕಣ್ಣು ಒರೆಸಿಕೊಂಡು, ಇಸ್ತ್ರಿ ಸರಿಯಿಲ್ಲ ಎಂದು ನನ್ನ ಮೇಲೆ ರೇಗಿದರು.

ನೀನೂ ಏನು ಕಡಿಮೆಯಲ್ಲ. ಅದೇ ರಕ್ತ. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ತಗ್ಗಿ.

ಅಮ್ಮ

ಏಪ್ರಿಲ್ ೩೦

ಮಗಳೇ,

ಕೇಳಿದೆಯಲ್ಲ, ತಗೋ.

ಕಾರು ಬಂದ ಎರಡನೇ ವರ್ಷ ಕಂಪನಿಯವರು ರಿಪೇರಿ ಪುಸ್ತಕ ಬರೆಸಲು ಆಫೀಸಿನಿಂದ ಒಬ್ಬ ಕನ್ನಡಕದವನನ್ನು ನಮ್ಮ ವಿಭಾಗಕ್ಕೆ ಕಳಿಸಿದರು. ಟಾಪು ಕೂರಿಸುವವರು ನಾವು ಆರು ಜನ. ಅದರ ಕ್ರಮ ಯಾವ ಕಾಗದದಲ್ಲೂ ಇರಲಿಲ್ಲ, ನಮ್ಮ ಕೈಯಲ್ಲಿತ್ತು. "ಯಾವ ಬೋಲ್ಟು ಮೊದಲು, ಯಾವುದು ಆಮೇಲೆ, ಎಲ್ಲಾ ಹೇಳಿ, ಬರ್ಕೋತೀನಿ" ಎಂದ. ಪುಸ್ತಕ ಕೈಗೆ ಬಂದ ದಿನ ಆರರಲ್ಲಿ ನಾಲ್ವರನ್ನು ಮನೆಗೆ ಕಳಿಸುತ್ತಾರೆಂದು ಅದಾಗಲೇ ಗಾಳಿಸುದ್ದಿ ಹಬ್ಬಿತ್ತು. ಸುದ್ದಿ ಸುಳ್ಳಾಗಿರಲಿಲ್ಲ. ಪಟ್ಟಿಯನ್ನು ನಾನೇ ಕಣ್ಣಿಂದ ನೋಡಿದ್ದೆ.

ಕ್ಯಾಂಟೀನಿನ ಮೂಲೆ ಬೆಂಚಿನಲ್ಲಿ ನಾವು ಮೂರು ಜನ ಕೂತು ತೀರ್ಮಾನ ಮಾಡಿದೆವು. ನಮ್ಮ ಹೊಟ್ಟೆಯ ಮೇಲೆ ಹೊಡೆಯುವ ಪುಸ್ತಕಕ್ಕೆ ನಾವೇ ಮಸಿ ಒದಗಿಸಬೇಕೇ? ಹಿಂದಿನ ಕಮಾನನ್ನು ಮೊದಲು ಬಿಗಿಯಬೇಕು, ಆಮೇಲೆ ಪಕ್ಕದ ಕೀಲುಗಳು, ಕೊನೆಗೆ ಮುಂದಿನ ಕೊಂಡಿ. ನಾವು ತಲೆಕೆಳಗಾಗಿ ಹೇಳಿದೆವು. ಮುಂದಿನದು ಮೊದಲು, ಹಿಂದಿನದು ಕೊನೆಗೆ ಎಂದು. ಹೇಳಿದವನು ನಾನು, ಮಿಕ್ಕಿಬ್ಬರು ತಲೆಯಾಡಿಸಿದರು. ಬೇರೆ ಪಾಳಿಯ ಮೂವರನ್ನು ಅವನು ಕೇಳಲೇ ಇಲ್ಲ. ಹಾಗೆ ಕೂರಿಸಿದರೆ ಅವತ್ತಿಗೆ ಏನೂ ಗೊತ್ತಾಗುವುದಿಲ್ಲ. ಚೌಕಟ್ಟು ಕೂದಲೆಳೆಯಷ್ಟು ತಿರುಚಿಕೊಂಡಿರುತ್ತದೆ, ಅಷ್ಟೆ. ಟಾಪನ್ನು ಎಳೆಯುವ ಮೋಟಾರು ಎಡಕ್ಕಿದೆ. ಎಳೆತ ಎಡಕ್ಕೇ ಬಿದ್ದು, ವರ್ಷ ತುಂಬುವುದರೊಳಗೆ ನೀನು ಕಂಡ ಜಾಗದಲ್ಲಿ ಸೀಳುತ್ತದೆ.

ನಮ್ಮನ್ನು ಕಳಿಸುವ ಮುಂಚೆ ಪರೀಕ್ಷೆಗೆಂದು, ಪುಸ್ತಕ ನೋಡಿ ಕೂರಿಸಲು ಹೊಸಬರನ್ನು ತಂದರು. ಕಾರುಗಳು ಸಾಲುಗಟ್ಟಿ ವಾಪಸು ಬಂದವು. "ಈ ಕೆಲಸ ಆ ಆರು ಜನರ ಕೈಗೆ ಮಾತ್ರ ಒಗ್ಗುತ್ತೆ" ಎಂದು ಮೇಲಿನವರೇ ಹೇಳಿದರು. ಎದೆಯುಬ್ಬಿಸಿಕೊಂಡು ಓಡಾಡಿದೆವು. ಒಬ್ಬರೂ ಮನೆಗೆ ಹೋಗಲಿಲ್ಲ. ನೀನು ಆಗ ಕಾಲೇಜಿನ ಮೊದಲ ವರ್ಷ. ಆಮೇಲೆ ಕಾರ್ಖಾನೆಯೇ ಮುಚ್ಚಿತು, ಎಲ್ಲರೂ ಮನೆಗೇ ಹೋದೆವು. ಆ ಪುಸ್ತಕ ಮಾತ್ರ ರಿಪೇರಿಯವರ ಕೈಯಲ್ಲಿ ಉಳಿಯಿತು. ಹಳೆಯ ಬಟ್ಟೆ ಬದಲಿಸಿದವರೆಲ್ಲ ಅದನ್ನೇ ನೋಡಿ ಕೂರಿಸಿದರು, ನಿನ್ನ ಶೆಡ್ಡಿನ ಮೊದಲ ಕಾರಿಗೂ ಹಾಗೇ ಆಗಿರಬೇಕು. ಮಿಕ್ಕಿಬ್ಬರು ಈಗಿಲ್ಲ.

ನನಗೆ ಈಗಲೂ ಆ ಕಂಪನಿಯ ಮೇಲೆ ರೋಷವಿದೆ. ನಮ್ಮ ಕೈಯ ಕಸುಬನ್ನು ಕಾಗದಕ್ಕೆ ಇಳಿಸಿಕೊಂಡು ನಮ್ಮನ್ನೇ ಉಗಿಯಲು ಹೊರಟಿದ್ದರಲ್ಲ! ನಾನು ಮಾಡಿದ್ದರಲ್ಲಿ ತಪ್ಪೇನು ಎಂದು ಇಷ್ಟು ವರ್ಷ ನನಗೆ ನಾನೇ ಕೇಳಿಕೊಂಡಿದ್ದೇನೆ. ನಿನ್ನ ಮೂವತ್ತೊಂದು ಕಾರಿನ ಲೆಕ್ಕ ಓದಿದ ಮೇಲೆ ಹಾಗೆ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಸರಿಯಾದ ಕ್ರಮವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಯಾರೋ ತಜ್ಞರು ಕಂಡುಹಿಡಿದರು ಎಂದು ಹಾಕು. ನಾನು ಎಂದು ಮಾತ್ರ ಎಲ್ಲೂ ಬರೆಯಬೇಡ. ಕಾರನ್ನು ಉಳಿಸು.

ಅಪ್ಪ

ಮೇ ೫

ಅಪ್ಪ,

ಕಾಗದ ಓದಿ ಮುದುರಿ ಎಸೆದೆ. ಸಿಟ್ಟಿಗೆ.

ಕಂಪನಿಯ ಮೇಲೆ ನಿಮಗೆ ರೋಷ, ಒಪ್ಪಿದೆ. ಆದರೆ ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿದಿರಲ್ಲ! ಆ ಪುಸ್ತಕವನ್ನು ಕಂಪನಿಯ ಯಜಮಾನ ಓದಿದನೇ? ಓದಿದವರು ನಿಮ್ಮಂಥವರೇ, ಎಣ್ಣೆ ಕೈಯವರು.

ಅವರಲ್ಲೊಬ್ಬರು ಇಲ್ಲೇ ಇದ್ದಾರೆ. ಸಂಗ್ರಹಾಲಯದ ಮೆಕ್ಯಾನಿಕ್. ಹನ್ನೆರಡು ವರ್ಷದ ಹಿಂದೆ ದೊಡ್ಡ ರಿಪೇರಿ ಶಾಪಿನಲ್ಲಿದ್ದರು. ಒಬ್ಬ ಶ್ರೀಮಂತರ ದೊರೆಸಾನಿಗೆ ಪುಸ್ತಕ ಎದುರಿಗಿಟ್ಟುಕೊಂಡು ಮೂರು ಸಲ ಟಾಪು ಕೂರಿಸಿದರು. ಮೂರು ಸಲವೂ ಹರಿಯಿತು. "ಒಂದು ಟಾಪು ಕೂರಿಸೋಕೆ ಬರಲ್ಲ, ನೀನೂ ಒಬ್ಬ ಮೆಕ್ಯಾನಿಕ್ಕಾ?" ಎಂದು ಶಾಪಿನವರು ಎಲ್ಲರೆದುರು ಅವರ ಟೂಲ್ ಡಬ್ಬಿಯನ್ನು ರಸ್ತೆಗೆ ಎಸೆದರು. ಆಮೇಲೆ ಯಾವ ಶಾಪಿನವರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಇಲ್ಲಿ ಚಕ್ರಗಳಿಗೆ ಗಾಳಿ ಹಾಕುತ್ತಾ, ಧೂಳು ಒರೆಸುತ್ತಾ ಇದ್ದಾರೆ. ಟಾಪು ಎಂದರೆ ಮುಟ್ಟುವುದಿಲ್ಲ.

ಎರಡು ವರ್ಷದ ಹಿಂದೆ ಒಮ್ಮೆ "ಮೇಡಂ, ನನಗ್ಯಾಕೋ ಆ ಪುಸ್ತಕಾನೇ ತಪ್ಪು ಅನ್ಸುತ್ತೆ" ಎಂದಿದ್ದರು. ನಾನು ನಕ್ಕೆ ಅಪ್ಪ. ಕಾರು ಮಾಡಿದವರೇ ಬರೆಸಿದ ಪುಸ್ತಕ ತಪ್ಪಾಗುವುದುಂಟೇ ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಆ ನಗುವನ್ನು ನೆನೆದರೆ ಈಗ ಮೈಯೆಲ್ಲಾ ಉರಿಯುತ್ತದೆ.

ನನ್ನ ಓದನ್ನು ಇದಕ್ಕೆ ಎಳೆಯಬೇಡಿ. ಇಲ್ಲಿಗೆ ಬನ್ನಿ. ಅವರ ಎದುರು ನಿಂತು, ಪುಸ್ತಕಕ್ಕೆ ಸುಳ್ಳು ಹೇಳಿದ್ದು ನಾನು ಎಂದು ಹೇಳಿ. ಟಾಪು ಕೂರಿಸಿ ತೋರಿಸಿ. ಆಮೇಲೆ "ಇರಲಿ" ಎಂದು ಬರೆಯುತ್ತೇನೆ. ಇಲ್ಲವಾದರೆ "ಬೇಡ". ಕಳ್ಳತನದಿಂದ ಉಳಿಸಿದ ಕಾರು ನನಗೆ ಬೇಡವೇ ಬೇಡ.

ಮಗಳು

ಮೇ ೯

ನಾನು ಬರುವುದಿಲ್ಲ.

ಅಪ್ಪನನ್ನು ಊರವರ ಮುಂದೆ ತಲೆ ತಗ್ಗಿಸಿ ನಿಲ್ಲಿಸಲು ಹೊರಟ ಮಗಳನ್ನು ಎಲ್ಲಾದರೂ ಕಂಡಿದ್ದೀಯಾ? ಆ ಮೆಕ್ಯಾನಿಕ್ಕಿಗೆ ಆದದ್ದಕ್ಕೆ ನನಗೂ ಸಂಕಟವಿದೆ. ಇದರ ಜೊತೆ ಕ್ರಮ ಬರೆದ ಹಾಳೆ ಇಟ್ಟಿದ್ದೇನೆ. ನಿನ್ನ ತೃಪ್ತಿಗೆ, ಮೊದಲು ತಪ್ಪು ಹೇಳಿದ್ದೂ ನಾನೇ ಎಂದು ಕೆಳಗೆ ಎರಡು ಸಾಲು ಸೇರಿಸಿದ್ದೇನೆ. ಅವರ ಕೈಗೆ ಕೊಡು. ಅವರೇ ಕೂರಿಸಲಿ. ಮೂಲೆಯಲ್ಲಿ ಬಟ್ಟೆಗೂ ಕಂಬಿಗೂ ನಡುವೆ ಒಂದು ಕಾಗದದ ಚೂರು ತೂರಿಸಿದರೆ ಸಲೀಸಾಗಿ ಹೊರಬರಬೇಕು. ಬಂದರೆ ಟಾಪು ಸರಿಯಾಗಿ ಕೂತಿದೆ ಎಂದು ಅರ್ಥ. ಇದಕ್ಕಿಂತ ಹೆಚ್ಚಿಗೆ ನನ್ನಿಂದಾಗದು.

ಅಪ್ಪ

ಮೇ ೨೦

ಟಾಪು ವಿಭಾಗದ ಮೇಸ್ತ್ರಿಗಳಿಗೆ,

ನಿಮ್ಮ ಹಾಳೆ ಮೇಡಂ ಕೊಟ್ಟರು. ಅವರು ಕೈಕಟ್ಟಿ ನಿಂತಿದ್ದರು, ಹಾಳೆ ಬರೆದ ಮೇಸ್ತ್ರಿ ತಮ್ಮ ತಂದೆ ಎಂದರು. ಅವರ ಮೇಲೆ ನನಗೆ ಕೋಪವಿಲ್ಲ.

ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ನೀವು ಹೇಳಿ ಬರೆಸಿದ ಕಾಗದವನ್ನು ನಂಬಿ ಒಮ್ಮೆ ಮೂರು ಟಾಪು ಹಾಳು ಮಾಡಿದೆ, ಕೆಲಸ ಕಳೆದುಕೊಂಡೆ. ಹನ್ನೆರಡು ವರ್ಷ ನನ್ನ ಕೈಯ ಮೇಲೆ ನನಗೇ ಅನುಮಾನ. ಮನೆಯಲ್ಲಿ ಬಾಗಿಲ ಚಿಲಕ ಹಾಕಿದರೂ ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡುತ್ತೇನೆ. ಹೆಂಡತಿ ನಗುತ್ತಾಳೆ. ಈಗ ಇನ್ನೊಂದು ಕಾಗದ ಕಳಿಸಿದ್ದೀರಿ. ಇದು ನಿಜ ಎಂದು ನಾನು ಹೇಗೆ ನಂಬಲಿ?

ಕಾಗದದ ಸಹವಾಸ ಸಾಕು. ಹೇಳುವುದಿದ್ದರೆ ಎದುರಿಗೆ ಬಂದು ಹೇಳಿ. ಇಲ್ಲದಿದ್ದರೆ ಕಾರು ಜಜ್ಜಲು ಹೋಗಲಿ. ಗೇಟು ತೆಗೆಯುವವನು ನಾನೇ, ತೆಗೆಯುತ್ತೇನೆ.

ಸಂಗ್ರಹಾಲಯದ ಮೆಕ್ಯಾನಿಕ್

ಜೂನ್ ೭

ಅಮ್ಮಾ,

ಅಪ್ಪ ಬಂದು ತಲುಪಿದರು. ನನಗೊಂದು ಮಾತು ತಿಳಿಸದೆ ಬಸ್ಸು ಹತ್ತಿಸಿ ಕಳಿಸಿದ್ದೀಯಲ್ಲ, ನಿನಗೇನು ಹೇಳಲಿ! ಬೆಳಿಗ್ಗೆ ಎಂಟಕ್ಕೆ ಸಂಗ್ರಹಾಲಯದ ಗೇಟಿನ ಮುಂದೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೆಕ್ಯಾನಿಕ್ಕಿನ ಕಾಗದ ಹಿಡಿದು ನಿಂತಿದ್ದರಂತೆ. ಗೇಟು ತೆಗೆದವರು ಮೆಕ್ಯಾನಿಕ್ಕೇ. ನಾನು ಹೋಗುವ ಹೊತ್ತಿಗೆ ಇಬ್ಬರೂ ಶೆಡ್ಡಿನಲ್ಲಿ ದೊರೆಸಾನಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು.

ಅಪ್ಪ ಸೀದಾ ಹೇಳಿದರು. "ಪುಸ್ತಕಕ್ಕೆ ಸುಳ್ಳು ಹೇಳಿದೋನು ನಾನು. ನಿಮ್ಮ ಕೈ ಸರಿ ಇತ್ತು."

ಮೆಕ್ಯಾನಿಕ್ ಮೆಲ್ಲಗೆ ಏನೋ ಅಂದರು. ಅಪ್ಪ ಕಿವಿಗೆ ಕೈ ಇಟ್ಟು "ಕೇಳಿಸ್ಲಿಲ್ಲ, ಜೋರಾಗಿ ಹೇಳಿ" ಎಂದರು. ಆ ಮನುಷ್ಯ ಹನ್ನೆರಡು ವರ್ಷ ದನಿ ಎತ್ತಿದ್ದನ್ನು ಇಲ್ಲಿ ಯಾರೂ ಕೇಳಿಲ್ಲವಂತೆ. ಇವತ್ತು ಕಿರುಚಿದರು. ಟೂಲ್ ಡಬ್ಬಿ ರಸ್ತೆಗೆ ಬಿದ್ದದ್ದು, ಹೆಂಡತಿಯ ಬಳೆ ಮಾರಿದ್ದು, ಅಪ್ಪನಾದವನು ಮಕ್ಕಳ ಮುಂದೆ ದಡ್ಡನಾದದ್ದು, ಎಲ್ಲಾ. ಟಿಕೆಟ್ ಕೌಂಟರಿನವರು ಕೂಡ ಓಡಿ ಬಂದರು. ಅಪ್ಪ ನಡುನಡುವೆ "ಇದು ಕೇಳಿಸ್ತು", "ಇದು ಕೇಳಿಸ್ಲಿಲ್ಲ, ಇನ್ನೊಂದ್ಸಲ" ಎನ್ನುತ್ತಿದ್ದರು. ನನಗೆ ಅಳು ಬಂತು. ಅಪ್ಪ ಅಳಲಿಲ್ಲ, ಅಲುಗಾಡಲಿಲ್ಲ.

ಕಿರುಚಿ ಮುಗಿದ ಮೇಲೆ ಅಪ್ಪ ಚೀಲದಿಂದ ಸ್ಪ್ಯಾನರ್ ತೆಗೆದರು. ಮೆಕ್ಯಾನಿಕ್ ಕೈ ಅಡ್ಡ ಹಿಡಿದರು. "ನೀವು ಮುಟ್ಬೇಡಿ. ಬಾಯಲ್ಲಿ ಹೇಳಿ, ನಾನ್ ಮಾಡ್ತೀನಿ." ಅಪ್ಪನಿಗೆ ಮುಖ ಕೆಂಪಾಯಿತು. ಆದರೂ ಸ್ಟೂಲಿನ ಮೇಲೆ ಕೂತು ಹೇಳಿದರು. ಹಿಂದಿನ ಕಮಾನು, ಪಕ್ಕದ ಕೀಲು, ಕೊನೆಗೆ ಮುಂದಿನ ಕೊಂಡಿ. ಹೊಸ ಬಟ್ಟೆ ಹಾಕಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಗುಂಡಿ ಒತ್ತಿದೆವು. ಟಾಪು ಮೇಲೆದ್ದು, ಹಾಸಿಕೊಂಡು, ಕೂತಿತು. ಮೆಕ್ಯಾನಿಕ್ ಆ ಮೂಲೆಯಲ್ಲಿ ಒಂದು ಹಳೆಯ ಟಿಕೆಟ್ಟು ತೂರಿಸಿ ಎಳೆದರು. ಸಲೀಸಾಗಿ ಬಂತು. ಇನ್ನೊಮ್ಮೆ ತೂರಿಸಿದರು, ಮತ್ತೂ ಒಮ್ಮೆ. ಆಮೇಲೆ ಗೋಡೆ ಕಡೆ ತಿರುಗಿ ಆ ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಇನ್ನು "ಇರಲಿ" ಎಂದು ಬರೆಯುವುದೊಂದೇ ಬಾಕಿ ಅಂದುಕೊಂಡೆ. ಮೆಕ್ಯಾನಿಕ್ ಈ ಕಡೆ ತಿರುಗಿ ಅಪ್ಪನಿಗೆ ಕೇಳುವಂತೆ ಹೇಳಿದರು. "ಉಳಿಯೋ ಕಾರಿಗೆಲ್ಲ ಪಕ್ಕದಲ್ಲಿ ಬೋರ್ಡ್ ಹಾಕ್ತಾರೆ. ಈ ಬೋರ್ಡಲ್ಲಿ ನಡೆದದ್ದೆಲ್ಲಾ ಬರೀಬೇಕು. ಟಾಪು ಯಾಕೆ ಹರೀತಿತ್ತು, ಯಾರು ಸುಳ್ಳು ಹೇಳಿದ್ರು, ಎಲ್ಲಾ. ಈ ಕಾರು ಎಷ್ಟು ವರ್ಷ ಇರುತ್ತೋ ಅಷ್ಟು ವರ್ಷ ಅದೂ ಇರುತ್ತೆ. ಬೇಡ ಅಂದ್ರೆ ಗೇಟ್ ತೆಗೀತೀನಿ, ಕಾರು ಹೋಗ್ಲಿ, ನಿಮ್ಮ ಮರ್ಯಾದೆ ಉಳೀಲಿ. ನೀವೇ ಹೇಳಿ."

ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲು ತೆಗೆದರು, ಹಾಕಿದರು. "ಇರ್ಲಿ" ಎಂದರು.

ಅಲ್ಲೇ ಕೂತು ಬೋರ್ಡಿಗೆ ಬರೆದೆ. ಏನೇ ಆಗಲಿ ಅಪ್ಪ ಅಲ್ಲವೇ ಅಮ್ಮ, ಕೈ ತಾನಾಗಿಯೇ ಮೆತ್ತಗಾಯಿತು. "ಟಾಪು ವಿಭಾಗದ ಮೇಸ್ತ್ರಿಯವರು ಜೋಡಿಸುವ ಕ್ರಮವನ್ನು ಕಣ್ತಪ್ಪಿನಿಂದ ತಲೆಕೆಳಗಾಗಿ ತಿಳಿಸಿದ್ದರಿಂದ" ಎಂದು ಬರೆದು ಓದಲು ಕೊಟ್ಟೆ. ಮೆಕ್ಯಾನಿಕ್ ಓದಿ ಹಾಳೆಯನ್ನು ಅಪ್ಪನ ಕಡೆ ಸರಿಸಿದರು. ಅಪ್ಪ ಕನ್ನಡಕ ಏರಿಸಿ ಓದಿದವರು ಎದ್ದು ನಿಂತುಬಿಟ್ಟರು. ಅಮ್ಮಾ, ಅಷ್ಟು ಸಿಟ್ಟು ನಾನು ನನ್ನ ಜನ್ಮದಲ್ಲಿ ನೋಡಿಲ್ಲ.

"ಕಣ್ತಪ್ಪಾ? ಯಾರ ಕಣ್ಣು ತಪ್ಪಿದ್ದು? ಟಾಪಿನ ವಿಷಯದಲ್ಲಿ ನನ್ನ ಕಣ್ಣಾಗಲಿ ಕೈಯಾಗಲಿ ಯಾವತ್ತಾದ್ರೂ ತಪ್ಪಿದ್ದುಂಟಾ? ಊರೆಲ್ಲಾ ತೀರ್ಪು ಕೊಡ್ತೀಯ, ಒಂದು ಬೋರ್ಡು ನೆಟ್ಟಗೆ ಬರೆಯೋಕೆ ಬರಲ್ವಾ?"

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಹಾಳೆ ತೂತಾಗುವಂತೆ ಆ ಪದವನ್ನು ಹೊಡೆದುಹಾಕಿದರು. ಅದರ ಮೇಲೆ, ದಪ್ಪ ಅಕ್ಷರದಲ್ಲಿ, "ಬೇಕೆಂದೇ" ಎಂದು ಬರೆದರು.

ನಿನ್ನ ಮಗಳು